ಹಳೆ ರಿಮೋಟ್ ಸಾಯುವ ಮೊದಲು ಅದರ ಸಿಗ್ನಲ್ ಓದಿಟ್ಟುಕೊಳ್ಳಿ

ನಮ್ಮ ಕರಾವಳಿಯಲ್ಲಿ ರಿಮೋಟುಗಳು ಬೇಗ ಹಾಳಾಗುತ್ತವೆ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಗೋಡೆಯೂ ಬೆವರುವಷ್ಟು ತೇವ. ಬ್ಯಾಟರಿ ಸ್ಪ್ರಿಂಗಿಗೆ ಹಸಿರು ಹಿಡಿಯುತ್ತದೆ, ರಬ್ಬರ್ ಗುಂಡಿಯ ಅಡಿಯ ಕಪ್ಪು ಕಾರ್ಬನ್ ಸವೆಯುತ್ತದೆ, ಒಂದು ದಿನ ವಾಲ್ಯೂಮ್ ಗುಂಡಿಯನ್ನು ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ.

ಉಡುಪಿಯ ನಮ್ಮ ಮನೆಯಲ್ಲಿ ಅಪ್ಪನ ಒಂದು ಆಂಪ್ಲಿಫೈಯರ್ ಉಂಟು. ಯಕ್ಷಗಾನದ ಹಳೆ ರೆಕಾರ್ಡಿಂಗ್ ಕೇಳುವುದಾದರೆ ಅವರಿಗೆ ಅದೇ ಆಗಬೇಕು, ಚೆಂಡೆಯ ಪೆಟ್ಟು ಬೇರೆ ಯಾವುದರಲ್ಲೂ ಹಾಗೆ ಕೇಳುವುದಿಲ್ಲ ಎನ್ನುತ್ತಾರೆ, ಅದು ನಿಜವೂ ಹೌದು. ಅದನ್ನು ಮಾಡಿದ ಕಂಪನಿ ಈಗ ಇಲ್ಲ. ಮುಂದಿನ ಪ್ಯಾನೆಲಿನಲ್ಲಿ ಇನ್‌ಪುಟ್ ಬದಲಿಸುವ ಗುಂಡಿಯೇ ಇಲ್ಲ, ಎಲ್ಲ ರಿಮೋಟಿನಲ್ಲೇ. ಆ ರಿಮೋಟಿನ ಗುಂಡಿಗಳು ಒಂದೊಂದಾಗಿ ಸಾಯತೊಡಗಿದಾಗ ಪ್ರೋಗ್ರಾಂ ಮಾಡಬಹುದಾದ ಒಂದು ಯೂನಿವರ್ಸಲ್ ರಿಮೋಟ್ ತಂದೆ. ಅದರ ಕೋಡ್ ಪಟ್ಟಿಯಲ್ಲಿ ಈ ಆಂಪ್ಲಿಫೈಯರಿನ ಹೆಸರೇ ಇರಲಿಲ್ಲ. ಕೊನೆಗೆ ಸಿಗ್ನಲನ್ನು ನಾವೇ ಓದಬೇಕಾಯಿತು. ಹೇಗೆ ಓದಿದೆ ಅಂತ ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ದಯವಿಟ್ಟು ಈ ವಾರವೇ ಮಾಡಿ, ಯಾಕೆಂದರೆ ರಿಮೋಟ್ ಪೂರ್ತಿ ಸತ್ತ ಮೇಲೆ ಓದಲು ಏನೂ ಉಳಿಯುವುದಿಲ್ಲ.

ಮೊದಲು ರಿಮೋಟಿಗೆ ಜೀವ ಉಂಟಾ ನೋಡಿ. ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಗುಂಡಿ ಒತ್ತಿ. ನೇರಳೆ ಬೆಳಕು ಮಿನುಗಿದರೆ ಎಲ್‌ಇಡಿ ಕೆಲಸ ಮಾಡುತ್ತಿದೆ. ಹಿಂದಿನ ಕ್ಯಾಮೆರಾದಲ್ಲಿ ಎಷ್ಟೋ ಸಲ ಇನ್‌ಫ್ರಾರೆಡ್ ತಡೆಯುವ ಗಾಜು ಇರುತ್ತದೆ, ಹಾಗಾಗಿ ಅಲ್ಲಿ ಕಾಣದಿದ್ದರೆ ಗಾಬರಿ ಬೇಡ. ಕೆಲವು ಗುಂಡಿ ಮಾತ್ರ ಸತ್ತಿದ್ದರೆ ರಿಮೋಟ್ ಬಿಚ್ಚಿ, ಬೋರ್ಡನ್ನೂ ರಬ್ಬರನ್ನೂ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಒಂದು ಸಂಜೆಯ ಮಟ್ಟಿಗೆ ಜೀವ ಬಂದರೂ ಸಾಕು. ಒಮ್ಮೆ ಕೆಳಗೆ ಬಿದ್ದ ಮೇಲೆ ಯಾವ ಗುಂಡಿಯೂ ಕೆಲಸ ಮಾಡುತ್ತಿಲ್ಲ ಎಂದಾದರೆ ಒಳಗಿನ ರೆಸೊನೇಟರ್ (ಮಿನುಗಿಗೆ ತಾಳ ಹಾಕುವ ಬಿಡಿಭಾಗ) ಒಡೆದಿರಬಹುದು. ಹಳೆ ರಿಮೋಟುಗಳಲ್ಲಿ ಹೆಚ್ಚಾಗಿ ಅದು 455 ಕಿಲೋಹರ್ಟ್ಸ್‌ನದು. 455ನ್ನು 12ರಿಂದ ಭಾಗಿಸಿದರೆ 37.9, ರಿಮೋಟಿನ ಬೆಳಕು ಮಿನುಗುವ ವೇಗ 38 ಕಿಲೋಹರ್ಟ್ಸ್ ಎಂದು ಎಲ್ಲರೂ ಹೇಳುವುದು ಇದನ್ನೇ. ಆ ಬಿಡಿಭಾಗ ಒಂದನ್ನೇ ಬದಲಿಸಿ ರಿಮೋಟ್ ಎಬ್ಬಿಸಿದವರು ಇದ್ದಾರೆ.

ಈಗ ಸಿಗ್ನಲ್ ಅಂದರೆ ಎಂತ ಅಂತ ನೋಡೋಣ. ಇದು ಸರಿಯಾಗಿ ತಲೆಗೆ ಹೋದರೆ ಉಳಿದದ್ದು ಸುಲಭ. ರಿಮೋಟಿನ ಎಲ್‌ಇಡಿ ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗುತ್ತದೆ, ಒಂದಷ್ಟು ಹೊತ್ತು ಮಿನುಗಿ ಸುಮ್ಮನಾಗುತ್ತದೆ, ಮತ್ತೆ ಮಿನುಗುತ್ತದೆ. ಮಿನುಗುವ ಹೊತ್ತಿಗೆ ಮಾರ್ಕ್ ಎನ್ನುತ್ತಾರೆ, ಸುಮ್ಮನಿರುವ ಹೊತ್ತಿಗೆ ಸ್ಪೇಸ್. ಸಂದೇಶ ಇರುವುದು ಈ ಹೊತ್ತುಗಳ ಉದ್ದದಲ್ಲಿ ಮಾತ್ರ. ರಿಸೀವರ್ ಆ ವೇಗದ ಮಿನುಗನ್ನು ಸೋಸಿ ತೆಗೆದು ಬರೀ ಮಾರ್ಕ್, ಸ್ಪೇಸ್ ಕೊಡುತ್ತದೆ. ಬೆಳಕು ಬಂದಾಗ ಅದರ ಔಟ್‌ಪುಟ್ ಕೆಳಗಿಳಿಯುತ್ತದೆ, ಬೆಳಕಿಲ್ಲದಾಗ ಮೇಲಿರುತ್ತದೆ, ಅಂದರೆ ತಲೆಕೆಳಗು. ನಮ್ಮ ಕೆಲಸ ಹೊತ್ತು ಅಳೆಯುವುದು, ಅಷ್ಟೇ.

ಬೇಕಾದ ಸಾಮಾನು ಸ್ವಲ್ಪವೇ. ಒಂದು ನೋಡ್‌ಎಂಸಿಯು ಬೋರ್ಡ್ ಅಥವಾ ಆರ್ಡುಯಿನೊ (ಎರಡೂ ಕಂಪ್ಯೂಟರಿನಿಂದ ಪ್ರೋಗ್ರಾಂ ತುಂಬಬಹುದಾದ ಪುಟ್ಟ ಬೋರ್ಡುಗಳು), ಮೂರು ಜಂಪರ್ ವೈರ್, ಒಂದು ಐಆರ್ (ಇನ್‌ಫ್ರಾರೆಡ್) ರಿಸೀವರ್. ಮಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಆ ರಿಸೀವರಿಗೆ ಟಿಸಾಪ್ ಕೊಡಿ ಎಂದರೆ ಸಾಕು, ಒಂದು ಚಹಾ-ಬನ್ಸಿನ ದುಡ್ಡಿಗೆ ಸಿಗುವ ಸಾಮಾನು ಅದು. ಒಂದು ಎಚ್ಚರಿಕೆ ಮಾತ್ರ ಉಂಟು. ಟಿಸಾಪ್ 1738ರ ಕಾಲುಗಳು, ಉಬ್ಬಿದ ಮುಖ ನಿಮ್ಮ ಕಡೆ ಇದ್ದಾಗ, ಎಡದಿಂದ ಗ್ರೌಂಡ್, ಪವರ್, ಔಟ್. ಟಿಸಾಪ್ 4838ರಲ್ಲಿ ಮತ್ತು ವಿಎಸ್ 1838ರಲ್ಲಿ ಔಟ್, ಗ್ರೌಂಡ್, ಪವರ್. ಒಂದರ ಚಿತ್ರ ನೋಡಿ ಇನ್ನೊಂದನ್ನು ಜೋಡಿಸಿದರೆ ರಿಸೀವರ್ ಬಿಸಿಯಾಗಿ ಹೋಗುತ್ತದೆ. ಪವರ್ ಕೊಟ್ಟ ಕೂಡಲೇ ಬೆರಳಿಟ್ಟು ನೋಡಿ, ಬೆಚ್ಚಗಾದರೆ ತಕ್ಷಣ ಎಳೆಯಿರಿ. 1738ಕ್ಕೆ 5 ವೋಲ್ಟ್ ಬೇಕು, ನೋಡ್‌ಎಂಸಿಯು 3.3 ವೋಲ್ಟಿನದು, ಹಾಗಾಗಿ ನೋಡ್‌ಎಂಸಿಯು ಇದ್ದವರು 4838 ತನ್ನಿ.

ನೋಡ್‌ಎಂಸಿಯುಗೆ ಐಆರ್‌ರಿಮೋಟ್ ಇಎಸ್‌ಪಿ8266 ಎಂಬ ಲೈಬ್ರರಿ (ಸಿದ್ಧ ಪ್ರೋಗ್ರಾಂಗಳ ಕಟ್ಟು) ಉಂಟು, ದುಡ್ಡಿಲ್ಲದೆ ಸಿಗುತ್ತದೆ. ಅದರ ಉದಾಹರಣೆಗಳಲ್ಲಿ ಡಂಪ್ ವಿ2 ಎಂದು ಕೊನೆಯಾಗುವುದನ್ನು ತೆರೆದು ಬೋರ್ಡಿಗೆ ಹಾಕಿ. ಅದು ಕೇಳುವುದು 14ನೇ ಜಿಪಿಐಒ ಪಿನ್ನಿನಲ್ಲಿ, ಬೋರ್ಡಿನ ಮೇಲೆ ಅದಕ್ಕೆ ಡಿ5 ಎಂದು ಬರೆದಿರುತ್ತದೆ, ರಿಸೀವರಿನ ಔಟ್ ಕಾಲು ಅಲ್ಲಿಗೇ ಹೋಗಬೇಕು. ಬೋರ್ಡ್ ಹೇಳುವುದನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರಿನ ವೇಗವನ್ನು 1,15,200ಕ್ಕೆ ಇಡಿ. ಕಿಟಕಿಯ ಬಿಸಿಲು ನೇರ ಬೀಳದ ಹಾಗೆ ಪರದೆ ಎಳೆಯಿರಿ, ಸಿಎಫ್‌ಎಲ್ ದೀಪ ಇದ್ದರೆ ಆರಿಸಿ. ಅವೆರಡೂ ರಿಸೀವರಿಗೆ ಸುಮ್ನೆ ಗದ್ದಲ ತುಂಬುತ್ತವೆ.

ಇನ್ನು ಒತ್ತುವ ಕೆಲಸ. ಇಲ್ಲಿ ಅವಸರ ಮಾಡಬೇಡಿ. ಒಂದು ಪಟ್ಟಿ ಪುಸ್ತಕ ತನ್ನಿ, ರಿಮೋಟಿನ ಪ್ರತಿ ಗುಂಡಿಗೂ ಒಂದು ಸಾಲು. ಪ್ರತಿ ಗುಂಡಿಯನ್ನು ಮೂರು ಸಲ ಚಿಕ್ಕದಾಗಿ ತಟ್ಟಿ, ಒಮ್ಮೆ ಒತ್ತಿ ಹಿಡಿಯಿರಿ. ಮೂರೂ ಸಲ ಒಂದೇ ಬಂದರೆ ಮಾತ್ರ ಬರೆದುಕೊಳ್ಳಿ. ನಮ್ಮಲ್ಲಿ ಅಮ್ಮ ಒತ್ತಿದರು, ನಾನು ಪರದೆ ನೋಡಿದೆ.

"ಒತ್ತಿದೆ, ಬಂತಾ?"

"ಬಂತಮ್ಮ, ಇನ್ನೊಮ್ಮೆ ಒತ್ತು."

"ಇದು ಟೇಪ್ ಅಂತ ಬರೆದ ಗುಂಡಿ ಮಾರಾಯ, ಜೋರು ಒತ್ತಿದರೆ ಮಾತ್ರ ಬರುತ್ತದೆ."

ಆ ಜೋರು ಒತ್ತಬೇಕಾದ ಗುಂಡಿಗಳನ್ನೇ ಮೊದಲು ಮುಗಿಸಿದೆವು. ನೀವೂ ಸಾಯುತ್ತಿರುವ ಗುಂಡಿಗಳಿಂದಲೇ ಶುರು ಮಾಡಿ.

ಪರದೆಯ ಮೇಲೆ ಎರಡು ರೀತಿಯ ಮಾಹಿತಿ ಬರುತ್ತದೆ. ಒಂದು, ಲೈಬ್ರರಿ ಊಹಿಸಿದ ಪ್ರೋಟೋಕಾಲಿನ (ರಿಮೋಟ್ ಮಾತಾಡುವ ಭಾಷೆಯ) ಹೆಸರು ಮತ್ತು ಕೋಡ್. ಇನ್ನೊಂದು, ಮೈಕ್ರೋಸೆಕೆಂಡಿನಲ್ಲಿ ಅಳೆದ ಉದ್ದನೆಯ ಅಂಕೆಗಳ ಸಾಲು, ಅದಕ್ಕೆ ರಾ ಡೇಟಾ ಎನ್ನುತ್ತಾರೆ. ಹೆಚ್ಚಿನವರು ಮೊದಲನೆಯದನ್ನು ಬರೆದುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಹೆಸರು ತಪ್ಪಿರಬಹುದು, ರಾ ಡೇಟಾ ಅಳತೆ. ಗುರುತು ಸಿಗದ ಸಿಗ್ನಲಿಗೆ ಲೈಬ್ರರಿ ಅನ್‌ನೋನ್ ಎಂದು ಹೇಳಿ, ಪಕ್ಕದಲ್ಲಿ ಒಂದು ಅಂಕೆಯನ್ನೂ ಕೊಡುತ್ತದೆ. ಅದು ಕೋಡ್ ಅಲ್ಲವೇ ಅಲ್ಲ. ಗುಂಡಿಯಿಂದ ಗುಂಡಿಗೆ ವ್ಯತ್ಯಾಸ ತಿಳಿಯಲಿ ಅಂತ ಲೈಬ್ರರಿ ತಾನೇ ಕಟ್ಟಿದ ಗುರುತು ಅದು, ಅದನ್ನು ತಿರುಗಿ ಕಳುಹಿಸಿದರೆ ಯಾವ ಯಂತ್ರವೂ ಕೇಳುವುದಿಲ್ಲ.

ಅಪ್ಪನ ಆಂಪ್ಲಿಫೈಯರಿನ ಪವರ್ ಗುಂಡಿಯನ್ನೇ ಕೈಯಲ್ಲಿ ಬಿಡಿಸಿ ತೋರಿಸುತ್ತೇನೆ. ರಾ ಡೇಟಾ ಶುರುವಾದದ್ದು 9050, 4450 ಅಂತ. ಅಂದರೆ ಸುಮಾರು 9 ಮಿಲಿಸೆಕೆಂಡ್ ಮಿನುಗು, 4.5 ಮಿಲಿಸೆಕೆಂಡ್ ಸುಮ್ಮನೆ. ಇದು ಎನ್‌ಇಸಿ ಎಂಬ ಪ್ರೋಟೋಕಾಲಿನ ತಲೆ, ಕಡಿಮೆ ಬೆಲೆಯ ಎಷ್ಟೋ ಸಾಮಾನುಗಳು ಮಾತಾಡುವುದು ಇದರಲ್ಲೇ. ತಲೆಯ ನಂತರ 32 ಬಿಟ್, ಒಂದೊಂದೂ ಸೊನ್ನೆ ಅಥವಾ ಒಂದು. ಪ್ರತಿ ಬಿಟ್‌ನಲ್ಲೂ ಮಾರ್ಕ್ ಒಂದೇ ಅಳತೆ, ಸುಮಾರು 560. ಸ್ಪೇಸ್ ಕೂಡ 560 ಇದ್ದರೆ ಅದು ಸೊನ್ನೆ, 1690ರ ಹತ್ತಿರ ಇದ್ದರೆ ಒಂದು.

ನಿಮ್ಮ ಪರದೆಯಲ್ಲಿ ಸರಿಯಾಗಿ 560 ಬರುವುದಿಲ್ಲ. ಮಾರ್ಕ್ 620, ಸ್ಪೇಸ್ 500 ಅಂತ ಕಾಣಬಹುದು. ರಿಸೀವರುಗಳು ಮಾರ್ಕನ್ನು ಸ್ವಲ್ಪ ಹಿಗ್ಗಿಸಿ ಸ್ಪೇಸನ್ನು ಅಷ್ಟೇ ಕುಗ್ಗಿಸುತ್ತವೆ, ಅದು ತಪ್ಪಲ್ಲ. ಹಾಗಾಗಿ ಎರಡನ್ನೂ ಕೂಡಿಸಿ ನೋಡಿ. ಮೊತ್ತ 1120ರ ಆಸುಪಾಸು ಬಂದರೆ ಸೊನ್ನೆ, 2250ರ ಆಸುಪಾಸು ಬಂದರೆ ಒಂದು. ಜೋಡಿಯಾಗಿ ಕೂಡಿಸುವ ಈ ಅಭ್ಯಾಸ ಮಾಡಿಕೊಂಡರೆ ಯಾವ ಅಗ್ಗದ ರಿಸೀವರ್ ಇದ್ದರೂ ನಿಮ್ಮ ಓದು ತಪ್ಪುವುದಿಲ್ಲ.

32 ಬಿಟ್ ಅಂದರೆ ಎಂಟೆಂಟರ ನಾಲ್ಕು ಗುಂಪು. ಮೊದಲ ಗುಂಪು ಯಂತ್ರದ ವಿಳಾಸ, ಎರಡನೆಯದು ಅದರ ತಲೆಕೆಳಗು, ಮೂರನೆಯದು ಗುಂಡಿಯ ಅಂಕೆ, ನಾಲ್ಕನೆಯದು ಅದರ ತಲೆಕೆಳಗು. ನಮ್ಮ ಪವರ್ ಗುಂಡಿಯ ಮೂರನೇ ಗುಂಪು ಬಂದ ಕ್ರಮದಲ್ಲಿ 1 0 1 0 0 0 1 0. ನಾಲ್ಕನೆಯದು 0 1 0 1 1 1 0 1. ಮೇಲೆ ಕೆಳಗೆ ಇಟ್ಟು ನೋಡಿ, ಒಂದಿದ್ದಲ್ಲಿ ಸೊನ್ನೆ, ಸೊನ್ನೆ ಇದ್ದಲ್ಲಿ ಒಂದು. ಸರಿಯಾಗಿ ಹಿಡಿದಿದ್ದೇನೆ ಎಂಬುದಕ್ಕೆ ಸಿಗ್ನಲೇ ಕೊಡುವ ಸಾಕ್ಷಿ ಇದು. ಕೆಲವು ಕಂಪನಿಗಳು ವಿಳಾಸವನ್ನು 16 ಬಿಟ್‌ಗೆ ಹಿಗ್ಗಿಸಿಕೊಂಡು ಎರಡನೇ ಗುಂಪನ್ನು ತಲೆಕೆಳಗು ಮಾಡುವುದಿಲ್ಲ, ಆದರೆ ಗುಂಡಿಯ ಜೋಡಿ ಹೆಚ್ಚಾಗಿ ಸರಿಯಾಗಿರುತ್ತದೆ.

ನಾನು ಒಂದಿಡೀ ಸಂಜೆ ಕಳೆದದ್ದು ಮುಂದಿನ ಹಂತದಲ್ಲಿ. ಎನ್‌ಇಸಿಯಲ್ಲಿ ಚಿಕ್ಕ ಬೆಲೆಯ ಬಿಟ್ ಮೊದಲು ಬರುತ್ತದೆ. ಬಂದ ಕ್ರಮದಲ್ಲೇ 1010 0010 ಎಂದು ಓದಿದರೆ ಹದಿನಾರರ ಎಣಿಕೆಯಾದ ಹೆಕ್ಸ್‌ನಲ್ಲಿ ಎ2. ತಿರುಗಿಸಿ 0100 0101 ಎಂದು ಓದಿದರೆ 45. ಆರ್ಡುಯಿನೊದ ಐಆರ್‌ರಿಮೋಟ್ ಲೈಬ್ರರಿಯ ಹಳೆ ಆವೃತ್ತಿಗಳು ಬಂದ ಕ್ರಮದಲ್ಲೇ ಬರೆದು 00 ಎಫ್‌ಎಫ್ ಎ2 5ಡಿ ಎನ್ನುತ್ತಿದ್ದವು. 3ನೇ ಆವೃತ್ತಿಯಿಂದ ಈಚೆಗೆ ಅದೇ ಗುಂಡಿಗೆ ವಿಳಾಸ 0, ಕಮಾಂಡ್ (ಗುಂಡಿಯ ಅಂಕೆ) 45 ಎನ್ನುತ್ತದೆ. ಎರಡೂ ಸರಿ, ಗುಂಡಿ ಒಂದೇ. ಆದರೆ ಹಳೆ ಕ್ರಮದ ಎ2ವನ್ನು ಹೊಸ ಕ್ರಮ ಕೇಳುವ ಜಾಗದಲ್ಲಿ ತುಂಬಿದರೆ ರಿಮೋಟ್ ಬೇರೆಯದೇ ಗುಂಡಿಯ ಕೋಡ್ ಕಳುಹಿಸುತ್ತದೆ. ನಾನು ಹಾಗೆಯೇ ತುಂಬಿದ್ದೆ. ಪುಸ್ತಕದಲ್ಲಿ ಬರೆಯುವಾಗ ಯಾವ ಕ್ರಮ ಅಂತ ಪಕ್ಕದಲ್ಲಿ ಬರೆದಿಡಿ.

ಒತ್ತಿ ಹಿಡಿದಾಗ ಎನ್‌ಇಸಿ ಪೂರ್ತಿ ಕೋಡನ್ನು ಮತ್ತೆ ಹೇಳುವುದಿಲ್ಲ. 9 ಮಿಲಿಸೆಕೆಂಡ್ ಮಿನುಗು, 2.25 ಸುಮ್ಮನೆ, ಒಂದು ಚಿಕ್ಕ ಮಿನುಗು, ಇಷ್ಟನ್ನೇ ಸುಮಾರು 108 ಮಿಲಿಸೆಕೆಂಡಿಗೊಮ್ಮೆ ಕಳುಹಿಸುತ್ತದೆ. ಇದಕ್ಕೆ ರಿಪೀಟ್ ಎನ್ನುತ್ತಾರೆ. ಯೂನಿವರ್ಸಲ್ ರಿಮೋಟಿಗೆ ಇದನ್ನು ಕಲಿಸದಿದ್ದರೆ ವಾಲ್ಯೂಮ್ ಒಂದೊಂದೇ ಮೆಟ್ಟಿಲು ಏರುತ್ತದೆ, ಹಿಡಿದರೂ ಓಡುವುದಿಲ್ಲ.

ನಿಮ್ಮದು 9 ಮತ್ತು 4.5 ಅಲ್ಲದಿದ್ದರೆ ತಲೆಯ ಅಳತೆಯಿಂದಲೇ ಜಾತಿ ಹಿಡಿಯಬಹುದು. 4.5 ಮತ್ತು 4.5 ಬಂದರೆ ಸ್ಯಾಮ್ಸಂಗ್ ಬಳಸುವ ರೀತಿ. 2.4 ಮಿನುಗಿ 0.6 ಸುಮ್ಮನಿದ್ದರೆ ಸೋನಿಯದು, ಅಲ್ಲಿ ಸ್ಪೇಸ್ ಒಂದೇ ಅಳತೆ, ಮಾರ್ಕ್ 1.2 ಇದ್ದರೆ ಒಂದು, 0.6 ಇದ್ದರೆ ಸೊನ್ನೆ. ಮಿನುಗುವ ವೇಗ 40 ಕಿಲೋಹರ್ಟ್ಸ್. ಸೋನಿ ಯಂತ್ರಕ್ಕೆ ಒಂದೇ ಸಲ ಹೇಳಿದರೆ ಸಾಲದು, ಕೋಡನ್ನು ಕನಿಷ್ಠ ಮೂರು ಸಲ ಕಳುಹಿಸಬೇಕು. ಉದ್ದನೆಯ ತಲೆಯೇ ಇಲ್ಲದೆ ಎಲ್ಲ ಅಂಕೆಗಳೂ 889 ಅಥವಾ ಅದರ ಇಮ್ಮಡಿ 1778ರ ಹತ್ತಿರ ಬರುತ್ತಿದ್ದರೆ ಅದು ಫಿಲಿಪ್ಸಿನ ಆರ್‌ಸಿ5, 36 ಕಿಲೋಹರ್ಟ್ಸ್, 14 ಬಿಟ್. ಅದರಲ್ಲಿ ಒಂದು ಟಾಗಲ್ ಬಿಟ್ ಉಂಟು, ಗುಂಡಿ ಬಿಟ್ಟು ಮತ್ತೆ ಒತ್ತಿದಾಗಲೆಲ್ಲ ಅದು ತಿರುಗುತ್ತದೆ. ಹಾಗಾಗಿ ಒಂದೇ ಗುಂಡಿಗೆ ಎರಡು ಕೋಡ್ ಕಾಣುತ್ತದೆ. ರಿಮೋಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅಂಥ ರಿಮೋಟನ್ನು ಬರೀ ನಕಲು ಮಾಡುವ ಯೂನಿವರ್ಸಲ್‌ಗೆ ಕಲಿಸಿದರೆ ಅದು ಒಂದೇ ರೂಪವನ್ನು ಮತ್ತೆ ಮತ್ತೆ ಹೇಳುತ್ತದೆ, ಯಂತ್ರ ಎರಡನೇ ಒತ್ತನ್ನು ಹೊಸದು ಅಂತ ತಿಳಿಯುವುದೇ ಇಲ್ಲ. ಚಾನೆಲ್ 11ಕ್ಕೆ ಹೋಗಲು ಒಂದನ್ನು ಎರಡು ಸಲ ಒತ್ತಿದರೂ 1ರಲ್ಲೇ ನಿಂತುಬಿಡುವುದು ಇದಕ್ಕೇ.

ಎಸಿಯ ರಿಮೋಟ್ ಬೇರೆಯದೇ ಲೋಕ. ಅಲ್ಲಿ ಗುಂಡಿಗೆ ಒಂದು ಕೋಡ್ ಅಂತ ಇಲ್ಲ. ಯಾವ ಗುಂಡಿ ಒತ್ತಿದರೂ ಉಷ್ಣತೆ, ಮೋಡ್, ಫ್ಯಾನ್ ವೇಗ, ಸ್ವಿಂಗ್, ಎಲ್ಲವನ್ನೂ ಒಟ್ಟಿಗೆ ಒಂದು ಉದ್ದ ಪತ್ರದ ಹಾಗೆ ಕಳುಹಿಸುತ್ತದೆ. ಎಷ್ಟೋ ಎಸಿಗಳು ಪತ್ರದ ನಡುವೆ ಒಂದು ದೊಡ್ಡ ಸ್ಪೇಸ್ ಬಿಡುತ್ತವೆ. ಲೈಬ್ರರಿ ಅಲ್ಲಿಗೇ ಮುಗಿಯಿತು ಅಂದುಕೊಂಡು ಅರ್ಧ ಪತ್ರ ಮಾತ್ರ ಕೊಡಬಹುದು, ಆಗ ಟೈಮ್‌ಔಟ್ (ಎಷ್ಟು ಹೊತ್ತು ಸುಮ್ಮನಿದ್ದರೆ ಮುಗಿಯಿತು ಎನ್ನಬೇಕು ಎಂಬ ಮಿತಿ) 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದರೆ 50ಕ್ಕೆ ಏರಿಸಿ.

ಓದುವ ಉಪಾಯ ಒಂದೇ, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಕೂಲ್ ಮೋಡ್, ಫ್ಯಾನ್ ಲೋ, ಸ್ವಿಂಗ್ ಆಫ್ ಇಟ್ಟು 24ರಿಂದ ಶುರು ಮಾಡಿ. ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು 24ರಲ್ಲೇ ಶುರುವಾಗಬೇಕು ಎಂಬ ನಿಯಮ 2020ರ ಜನವರಿಯಿಂದ ಉಂಟಲ್ವಾ, ಅದಕ್ಕೇ ಅಲ್ಲಿಂದ ಹೊರಟರೆ ಅನುಕೂಲ. ಆಮೇಲೆ 25, 26, ಹೀಗೆ. ಎರಡೆರಡು ಸಾಲನ್ನು ಒಂದರ ಕೆಳಗೊಂದು ಬರೆದು, ಬದಲಾದ ಬಿಟ್‌ಗಳಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ.

ನಮ್ಮ ಮಲಗುವ ಕೋಣೆಯ ಎಸಿಯಲ್ಲಿ 24ಕ್ಕೆ ಒಂದು ಜಾಗದಲ್ಲಿ 0 0 0 1 ಇತ್ತು, 25ಕ್ಕೆ 1 0 0 1, 26ಕ್ಕೆ 0 1 0 1. ಚಿಕ್ಕ ಬಿಟ್ ಮೊದಲು ಎಂದು ತಿರುಗಿಸಿ ಓದಿದರೆ 8, 9, 10. 24ರಲ್ಲಿ 16 ಕಳೆದರೆ 8 ಅಲ್ವಾ? ರಿಮೋಟಿನಲ್ಲಿ ಇಡಬಹುದಾದ ಅತಿ ಕಡಿಮೆ ಉಷ್ಣತೆ 16, ಅಲ್ಲಿಂದ ಎಣಿಕೆ ಶುರು. ಅದು ಹೊಳೆದ ಕ್ಷಣ ನನಗೆ ತುಂಬ ಖುಷಿಯಾಯಿತು, 16ರಿಂದ 30ರವರೆಗಿನ ಎಲ್ಲ ಉಷ್ಣತೆಯೂ ಒತ್ತದೆಯೇ ಕೈಗೆ ಬಂದಿತ್ತು.

ಆದರೆ ಪತ್ರದ ಕೊನೆಯಲ್ಲಿ ಇನ್ನೂ ನಾಲ್ಕು ಬಿಟ್ ಪ್ರತಿ ಸಲ ಬದಲಾಗುತ್ತಿತ್ತು. ಉಷ್ಣತೆ ಒಂದು ಏರಿದರೆ ಅದೂ ಒಂದು ಏರುತ್ತಿತ್ತು. ಅದು ಚೆಕ್‌ಸಮ್, ಅಂದರೆ ಪತ್ರದ ಉಳಿದ ಅಂಕೆಗಳ ಮೊತ್ತದಿಂದ ಬರುವ ತಾಳೆ. ತಾಳೆ ಸರಿ ಇಲ್ಲದ ಪತ್ರವನ್ನು ಎಸಿ ಬೀಪ್ ಕೂಡ ಮಾಡದೆ ಬಿಸಾಡುತ್ತದೆ. ಲೆಕ್ಕ ಹಿಡಿಯುವುದು ಕಷ್ಟವಾದರೆ ಬಿಡಿ. ಮನೆಗೆ ಬೇಕಾದ್ದು 24, 26, 27 ಮತ್ತು ಆಫ್ ಇಷ್ಟೇ ಆದರೆ ಆ ನಾಲ್ಕು ಪತ್ರಗಳನ್ನು ಇಡಿಯಾಗಿ ಹಿಡಿದು ನಾಲ್ಕು ಗುಂಡಿಗೆ ಹಾಕಿ. ನನ್ನ ಮಟ್ಟಿಗೆ ವಯಸ್ಸಾದವರ ಕೈಗೆ ಅದೇ ಒಳ್ಳೆಯದು. ಅಜ್ಜಿ ಈಗ ಒಂದೇ ಗುಂಡಿ ಒತ್ತಿ 26ರಲ್ಲಿ ಮಲಗುತ್ತಾರೆ, ಮೋಡ್ ತಪ್ಪಿ ಹೋಗುವ ಭಯ ಇಲ್ಲ.

ಓದಿದ್ದನ್ನು ಯೂನಿವರ್ಸಲ್ ರಿಮೋಟಿಗೆ ಹಾಕುವ ದಾರಿ ರಿಮೋಟಿನಿಂದ ರಿಮೋಟಿಗೆ ಬೇರೆ. ಕೆಲವದಕ್ಕೆ ಪ್ರೋಟೋಕಾಲ್, ವಿಳಾಸ, ಕಮಾಂಡ್ ಕೊಟ್ಟರೆ ಸಾಕು. ಕಂಪ್ಯೂಟರಿನಿಂದ ತುಂಬುವ ಹಲವು ರಿಮೋಟುಗಳು ಪ್ರಾಂಟೊ ಹೆಕ್ಸ್ ಎಂಬ ರೂಪ ಕೇಳುತ್ತವೆ. ಹೆದರುವಂಥದ್ದಲ್ಲ. ನಮ್ಮ ಪವರ್ ಗುಂಡಿಯದ್ದು 0000 006ಡಿ 0022 0002 0157 00ಎಸಿ ಎಂದು ಶುರುವಾಗುತ್ತದೆ. ಮೊದಲ 0000 ಅಂದರೆ ಅಳೆದು ಹಿಡಿದ ಸಿಗ್ನಲ್. 006ಡಿ ಅಂದರೆ 109, ಅದನ್ನು 0.241246ರಿಂದ ಗುಣಿಸಿ, ಬಂದದ್ದರಿಂದ ಹತ್ತು ಲಕ್ಷವನ್ನು ಭಾಗಿಸಿದರೆ 38 ಸಾವಿರ ಹರ್ಟ್ಸ್. 0022 ಅಂದರೆ 34 ಜೋಡಿ, ಒಂದು ತಲೆ, 32 ಬಿಟ್, ಒಂದು ಬಾಲ. 0002 ಅಂದರೆ ರಿಪೀಟಿನ ಎರಡು ಜೋಡಿ. 0157 ಅಂದರೆ 343 ಮಿನುಗು, ಒಂದೊಂದಕ್ಕೆ 26.3 ಮೈಕ್ರೋಸೆಕೆಂಡ್, ಲೆಕ್ಕ ಹಾಕಿ, ಅದೇ 9 ಮಿಲಿಸೆಕೆಂಡ್. ಸಾಲು ಎಲ್ಲಿ ತಪ್ಪಿದೆ ಅಂತ ಹುಡುಕುವಾಗ ಈ ಐದು ಅಂಕೆ ಓದಲು ಬಂದರೆ ಬಹಳ ಸಹಾಯ.

ತುಂಬಿದ ಮೇಲೆ ಹತ್ತಿರದಿಂದ ಕೆಲಸ ಮಾಡಿ ಸೋಫಾದಿಂದ ಮಾಡದಿದ್ದರೆ ಮಿನುಗುವ ವೇಗ ತಪ್ಪಿರಬಹುದು. ಟಿಸಾಪ್ ಆ ವೇಗವನ್ನು ಸೋಸಿ ತೆಗೆಯುವುದರಿಂದ ಅದು ನಮಗೆ ಕಾಣಿಸುವುದೇ ಇಲ್ಲ, ನಾವು 38 ಅಂತ ಊಹಿಸಿರುತ್ತೇವೆ. 36 ಮತ್ತು 40 ಹಾಕಿ ನೋಡಿ. ಯಾವುದರಲ್ಲಿ ಅತಿ ದೂರದಿಂದ ಕೇಳುತ್ತದೋ ಅದೇ ಸರಿ. ಸೋಸದೆ ಕೊಡುವ ಟಿಎಸ್‌ಎಂಪಿ 58000ದಂಥ ರಿಸೀವರ್ ಸಿಕ್ಕಿದರೆ ನೇರ ಅಳೆಯಬಹುದು.

ಕೊನೆಯದಾಗಿ ಒಂದು, ನನಗೆ ಬಹಳ ಇಷ್ಟವಾದದ್ದು. ವಿಳಾಸ ಗೊತ್ತಾದ ಮೇಲೆ ರಿಮೋಟಿನಲ್ಲಿ ಇಲ್ಲದ ಗುಂಡಿಗಳನ್ನೂ ಹುಡುಕಬಹುದು. ಕಮಾಂಡ್ ಇರುವುದು 0ಯಿಂದ 255ರವರೆಗೆ ಮಾತ್ರ. ನೋಡ್‌ಎಂಸಿಯುಗೆ ಒಂದು ಟ್ರಾನ್ಸಿಸ್ಟರ್ ಮೂಲಕ 940 ನ್ಯಾನೋಮೀಟರಿನ ಐಆರ್ ಎಲ್‌ಇಡಿ ಜೋಡಿಸಿ, ಎರಡು ಸೆಕೆಂಡಿಗೆ ಒಂದರಂತೆ ಕಳುಹಿಸಿ, ಯಂತ್ರದ ಮುಂದೆ ಕುಳಿತು ನೋಡಿ. ಒಂಬತ್ತು ನಿಮಿಷದೊಳಗೆ ಮುಗಿಯುತ್ತದೆ. ಟಿವಿಗೆ ಮಾತ್ರ ಹೀಗೆ ಕಣ್ಣುಮುಚ್ಚಿ ಕಳುಹಿಸಬೇಡಿ, ಮೆಕ್ಯಾನಿಕ್‌ಗಳು ಬಳಸುವ ಸರ್ವಿಸ್ ಮೆನು ತೆರೆದು ಒಳಗಿನ ಸೆಟ್ಟಿಂಗ್ ಬದಲಾಗಿಬಿಡಬಹುದು.

ಅಪ್ಪನ ಆಂಪ್ಲಿಫೈಯರಿನಲ್ಲಿ ಪವರ್ ಗುಂಡಿ ಒಮ್ಮೆ ಒತ್ತಿದರೆ ಆನ್, ಇನ್ನೊಮ್ಮೆ ಒತ್ತಿದರೆ ಆಫ್. ಹುಡುಕಿದಾಗ ಆಫ್ ಮಾತ್ರ ಮಾಡುವ ಬೇರೆಯೇ ಕೋಡ್ ಸಿಕ್ಕಿತು, ಟೇಪ್ ಇನ್‌ಪುಟ್ಟಿಗೆ ನೇರ ಹೋಗುವ ಇನ್ನೊಂದೂ ಸಿಕ್ಕಿತು. ಅವೆರಡೂ ಈಗ ಹೊಸ ರಿಮೋಟಿನ ದೊಡ್ಡ ಗುಂಡಿಗಳಲ್ಲಿ ಇವೆ. ಕೋಡುಗಳ ಪಟ್ಟಿಯ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಆಂಪ್ಲಿಫೈಯರಿನ ಅಡಿಗೆ ಅಂಟಿಸಿದ್ದೇನೆ, ಇನ್ನೊಂದು ಮಂಗಳೂರಲ್ಲಿರುವ ತಂಗಿಯ ಹತ್ತಿರ ಉಂಟು. ಹಳೆ ರಿಮೋಟಿನ ಬ್ಯಾಟರಿ ತೆಗೆದು, ಒರೆಸಿ, ಅಕ್ಕಿ ಡಬ್ಬದ ಪಕ್ಕದ ಒಣ ಶೆಲ್ಫಿನಲ್ಲಿ ಇಟ್ಟಿದ್ದೇವೆ.